24 ವರ್ಷದ ಶಾಸಕ, ಅಮ್ಮನ ಏಳು ಪುಟದ ಪತ್ರ ಮತ್ತು ನಾನು ತಪ್ಪಾಗಿ ಹೇಳಿದ ಕಥೆ



ಇವತ್ತಿನದು ಹೊಸ ಕಥೆ ಅಲ್ಲ, ಹಳೇ ಕಥೆಯ ತಿದ್ದುಪಡಿ. ಕೆಲವು ವಾರದ ಹಿಂದೆ ನಾನೊಂದು ಒಂದು ನಿಮಿಷದ ರೀಲ್ ಹಾಕಿದ್ದೆ, ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. ಹ್ಯಾರಿ ಬರ್ನ್ ಅನ್ನೋ ಅಮೆರಿಕದ ಶಾಸಕನ ಕಥೆ ಅದು. 1920ರಲ್ಲಿ ಆ ದೇಶದ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಕೊಡಬೇಕೋ ಬೇಡವೋ ಅನ್ನೋದು ಒಂದೇ ಒಂದು ವೋಟಿನ ಮೇಲೆ ನಿಂತಿತ್ತು. ಆ ವೋಟು ಈ ಹುಡುಗನದು. ವಿರೋಧಿಸೋಕೆ ಅಂತ ಬಂದಿದ್ದ, ಜೇಬಲ್ಲಿ ಅಮ್ಮನ ಪತ್ರ ಇತ್ತು, ಓದಿದ, ಮನಸ್ಸು ಕರಗಿತು, 'ಹೌದು' ಅಂದ, ಇತಿಹಾಸ ಬದಲಾಯ್ತು. ಹಿಂದೆ ಪಿಟೀಲು ಮ್ಯೂಸಿಕ್. ಚೆನ್ನಾಗಿ ಓಡ್ತು.

ಆಮೇಲೆ ಒಬ್ಬ ಕೇಳುಗರು ಮೆಸೇಜ್ ಮಾಡಿದ್ರು. 'ಅದೇ ದಿನ ಬೆಳಿಗ್ಗೆ ಅವನು ಎರಡು ಸಲ ವಿರೋಧಿಗಳ ಜೊತೆ ವೋಟ್ ಹಾಕಿದ್ದ. ಅದನ್ನ ಯಾಕೆ ಬಿಟ್ರಿ?' ಅಂತ. ನಿಜ ಹೇಳ್ತೀನಿ, ನನಗೆ ಅದು ಗೊತ್ತಿತ್ತು. ನಿಮಿಷಕ್ಕೆ ಹಿಡಿಸಲ್ಲ ಅಂತ ಕತ್ತರಿಸಿದ್ದೆ. ಮೆಸೇಜ್ ನೋಡಿ, ಆಮೇಲೆ ನೋಡೋಣ ಅಂತ ಬದಿಗಿಟ್ಟೆ. ಒಂದು ವಾರ ಆಯ್ತು, ಎರಡು ವಾರ ಆಯ್ತು.

ಅಷ್ಟರಲ್ಲಿ ನಮ್ಮಮ್ಮ ಫ್ಯಾಮಿಲಿ ಗ್ರೂಪಲ್ಲಿ ಆ ರೀಲ್ ನೋಡಿ ಒಂದೇ ಪ್ರಶ್ನೆ ಕೇಳಿದ್ರು. 'ಎಲ್ಲಾ ಸರಿ ಕಣೋ, ಆ ಯಮ್ಮ ಅಷ್ಟುದ್ದ ಪತ್ರ ಯಾಕೆ ಬರೆದಳು ಅಂತ ನೀನು ಹೇಳಲೇ ಇಲ್ಲವಲ್ಲ?'

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕಿ, ಓದಿ, ಇವತ್ತು ಬಂದು ಕೂತಿದ್ದೀನಿ. ನಿಧಾನಕ್ಕೆ, ಮೊದಲಿಂದ ಹೇಳ್ತೀನಿ.

ಹ್ಯಾರಿ ಹುಟ್ಟಿದ್ದು 1895ರ ನವೆಂಬರಿನಲ್ಲಿ, ಅಮೆರಿಕದ ದಕ್ಷಿಣ ಭಾಗದ ಟೆನೆಸ್ಸೀ ರಾಜ್ಯದಲ್ಲಿ. ಆ ರಾಜ್ಯದ ಪೂರ್ವಕ್ಕೆ ಗುಡ್ಡಗಾಡು, ಅಲ್ಲಿ ಮೆಕ್‌ಮಿನ್ ಕೌಂಟಿ ಅಂತ ಒಂದು ಜಿಲ್ಲೆ. ಅದರೊಳಗೆ ನಯೋಟಾ ಅನ್ನೋ ಸಣ್ಣ ಊರು. ಹ್ಯಾರಿ ಹುಟ್ಟಿದಾಗ ಆ ಊರಿನ ಹೆಸರು ಮೌಸ್ ಕ್ರೀಕ್, ಅಂದ್ರೆ ಇಲಿ ಹಳ್ಳ. ತಂದೆ ಊರಿನ ರೈಲ್ವೆ ಸ್ಟೇಷನ್ ಮಾಸ್ಟರ್. ಮನೆಯಲ್ಲಿ ಜಮೀನೂ ಇತ್ತು. ಹ್ಯಾರಿ ಹೈಸ್ಕೂಲ್ ಮುಗಿಸಿ ತಾನೂ ರೈಲ್ವೆ ಕೆಲಸಕ್ಕೆ ಸೇರಿದ. 1916ರಲ್ಲಿ ತಂದೆ ತೀರಿಕೊಂಡ್ರು. ಅಲ್ಲಿಂದಾಚೆಗೆ ಜಮೀನು, ಮನೆ, ಲೆಕ್ಕಪತ್ರ ಎಲ್ಲ ಅಮ್ಮ ಫೆಬ್ ಬರ್ನ್ ಹೆಗಲಿಗೆ ಬಿತ್ತು.

1918ರ ಚುನಾವಣೆಯಲ್ಲಿ ಹ್ಯಾರಿ ರಿಪಬ್ಲಿಕನ್ ಪಕ್ಷದಿಂದ ರಾಜ್ಯದ ಕೆಳಮನೆಗೆ ಆರಿಸಿಬಂದ. ಆಗಿನ್ನೂ ಅವನಿಗೆ 23 ತುಂಬಿರಲಿಲ್ಲ. ವಕೀಲನಾಗಬೇಕು ಅನ್ನೋ ಆಸೆ ಇತ್ತು. ಅವನಿಗೆ ರಾಜಕೀಯದಲ್ಲಿ ದಾರಿ ತೋರಿಸ್ತಿದ್ದ ಹಿರಿಯ ಅಂದ್ರೆ ಅದೇ ಭಾಗದ ಮೇಲ್ಮನೆ ಸದಸ್ಯ ಹರ್ಷೆಲ್ ಕ್ಯಾಂಡ್ಲರ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಈಗ ಸ್ವಲ್ಪ ಕಾನೂನು. ಬಿ.ಕಾಂ ಓದಿದವರಿಗೆ ಜಿಎಸ್‌ಟಿ ಪಾಠ ನೆನಪಿರಬಹುದು. ಜಿಎಸ್‌ಟಿ ತರೋಕೆ ಸಂವಿಧಾನ ತಿದ್ದಬೇಕಾಯ್ತು. ಸಂಸತ್ತು ಒಪ್ಪಿದರೆ ಸಾಲದು, ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಸಭೆಗಳೂ ಒಪ್ಪಬೇಕಿತ್ತು. ಅಮೆರಿಕದಲ್ಲಿ ಈ ಷರತ್ತು ಇನ್ನೂ ಬಿಗಿ. ಮುಕ್ಕಾಲು ಭಾಗ ರಾಜ್ಯಗಳು ಒಪ್ಪಬೇಕು. ಆಗ ಅಲ್ಲಿ ಇದ್ದದ್ದು 48 ರಾಜ್ಯ, ಹಾಗಾಗಿ ಬೇಕಿದ್ದದ್ದು 36.

ಲಿಂಗದ ಕಾರಣಕ್ಕೆ ಯಾರಿಗೂ ಮತದಾನದ ಹಕ್ಕು ನಿರಾಕರಿಸುವಂತಿಲ್ಲ ಅನ್ನೋ 19ನೇ ತಿದ್ದುಪಡಿಯನ್ನ ಅಮೆರಿಕದ ಕಾಂಗ್ರೆಸ್ಸು 1919ರ ಜೂನ್‌ನಲ್ಲಿ ಪಾಸ್ ಮಾಡಿತು. 1920ರ ಮಾರ್ಚ್ ಹೊತ್ತಿಗೆ 35 ರಾಜ್ಯಗಳು ಒಪ್ಪಿದ್ದವು. ಒಂದು ಕಮ್ಮಿ. ಜೂನ್‌ನಲ್ಲಿ ಡೆಲವೇರ್ ರಾಜ್ಯ ಕೈಕೊಟ್ಟಿತು. ನವೆಂಬರಲ್ಲಿ ಅಧ್ಯಕ್ಷ ಚುನಾವಣೆ ಇತ್ತು. ಅಷ್ಟರೊಳಗೆ ಆಗೋದಾದ್ರೆ ಭರವಸೆ ಇದ್ದದ್ದು ಟೆನೆಸ್ಸೀ ಮೇಲೆ. ಗವರ್ನರ್ ಆಲ್ಬರ್ಟ್ ರಾಬರ್ಟ್ಸ್ ಆಗಸ್ಟ್ 9ಕ್ಕೆ ವಿಶೇಷ ಅಧಿವೇಶನ ಕರೆದರು.

ಆ ಬೇಸಿಗೆಯಲ್ಲಿ ರಾಜಧಾನಿ ನ್ಯಾಶ್‌ವಿಲ್ ಹೇಗಿತ್ತು ಅಂದ್ರೆ, ಹರ್ಮಿಟೇಜ್ ಅನ್ನೋ ಒಂದೇ ಹೋಟೆಲಲ್ಲಿ ಎರಡೂ ಬಣದವರು ಬೀಡುಬಿಟ್ಟಿದ್ದರು. ಹಕ್ಕಿನ ಪರ ಇದ್ದವರ ನಾಯಕಿ ಕ್ಯಾರೀ ಚಾಪ್‌ಮನ್ ಕ್ಯಾಟ್. ದಶಕಗಳಿಂದ ಈ ಹೋರಾಟದಲ್ಲಿ ಸವೆದ ಹೆಂಗಸು. ವಿರೋಧಿ ಬಣದ ಮುಂದಾಳು ಜೋಸೆಫೀನ್ ಪಿಯರ್ಸನ್. ಹೌದು, ಅವರೂ ಹೆಂಗಸೇ. ಪರ ಇದ್ದವರು ಎದೆಗೆ ಹಳದಿ ಗುಲಾಬಿ ಸಿಕ್ಕಿಸಿಕೊಳ್ತಿದ್ರು, ವಿರೋಧಿಗಳು ಕೆಂಪು ಗುಲಾಬಿ. ದೇಶದಲ್ಲಿ ಪಾನನಿಷೇಧ ಜಾರಿಯಲ್ಲಿದ್ದ ವರ್ಷ ಅದು. ಆದರೂ ಶಾಸಕರನ್ನ ಒಲಿಸೋಕೆ ಅದೇ ಹೋಟೆಲಿನ ಮಹಡಿಯೊಂದರಲ್ಲಿ ವಿಸ್ಕಿ ಧಾರಾಳವಾಗಿ ಹರಿಯಿತು.

ಆಗಸ್ಟ್ 13ರಂದು ಮೇಲ್ಮನೆಯಲ್ಲಿ 25 ಪರ, 4 ವಿರೋಧ. ಸುಲಭವಾಗಿ ಪಾಸಾಯ್ತು. ಆದರೆ ಅದೇ ಮನೆಯಲ್ಲಿ ಹರ್ಷೆಲ್ ಕ್ಯಾಂಡ್ಲರ್ ಎದ್ದುನಿಂತು ಈ ಹೋರಾಟದ ಹೆಂಗಸರ ಬಗ್ಗೆ ಕಹಿಯಾಗಿ ಭಾಷಣ ಮಾಡಿದ್ದ. ಆ ಭಾಷಣ ಪೇಪರಲ್ಲಿ ಬಂತು. ದೂರದ ನಯೋಟಾದಲ್ಲಿ ಆ ಪೇಪರನ್ನ ಓದಿದವರಲ್ಲಿ ಫೆಬ್ ಬರ್ನ್ ಕೂಡ ಒಬ್ಬಳು.

ಈಗ ನಮ್ಮಮ್ಮನ ಪ್ರಶ್ನೆಗೆ ಬರ್ತೀನಿ.

ನನ್ನ ರೀಲಲ್ಲಿ ಫೆಬ್ ಅಂದ್ರೆ ಬರೀ 'ಅಮ್ಮ'. ಎಲ್ಲ ಅಮ್ಮಂದಿರ ಥರ ಮಗನಿಗೆ ಬುದ್ಧಿ ಹೇಳೋ ಅಮ್ಮ. ಆದರೆ ಆಕೆ ಓದಿಕೊಂಡ ಹೆಂಗಸು, ದಿನಾ ಪೇಪರ್ ಓದೋಳು, ಗಂಡ ಹೋದ ಮೇಲೆ ಜಮೀನು ನೋಡಿಕೊಳ್ತಿದ್ದೋಳು. ನಮ್ಮ ಜಮೀನಿನ ಕೆಲಸಕ್ಕೆ ಬರೋ, ಓದು ಬರಹ ಬಾರದ ಗಂಡಾಳುಗಳಿಗೆ ವೋಟಿದೆ, ನನಗಿಲ್ಲ ಅನ್ನೋದು ಆಕೆಯ ಬೇಸರವಾಗಿತ್ತು ಅಂತ ಹೇಳ್ತಾರೆ. ಈ ಮಾತಲ್ಲಿ ಒಂಚೂರು ಯಜಮಾನಿಕೆ ಇದೆ. ಓದು ಬಾರದವನಿಗೂ ವೋಟು ಇರಲೇಬೇಕು ಅನ್ನೋದು ನಮಗೆ ಗೊತ್ತು. ಆದರೆ ಆಕೆಯ ನೋವೂ ಸುಳ್ಳಲ್ಲ.

ಆಕೆ ಬರೆದದ್ದು ಏಳು ಪುಟ. ಅದರಲ್ಲಿ ಹೆಚ್ಚಿನದು ಊರಿನ ಸುದ್ದಿ, ಮನೆಯ ಸುದ್ದಿ, ಮಳೆಯ ವಿಷಯ. ನಡುನಡುವೆ, ಬಟ್ಟೆ ಒಣಗಿಸಿದೆ ಅಂದಷ್ಟೇ ಸಲೀಸಾಗಿ, ರಾಜಕೀಯ. ಹಕ್ಕಿನ ಪರ ವೋಟ್ ಹಾಕು, ಅವರನ್ನ ಅನುಮಾನದಲ್ಲಿ ಇಡಬೇಡ ಅಂತಾಳೆ. ಕ್ಯಾಂಡ್ಲರ್ ಭಾಷಣ ನೋಡಿದೆ, ತುಂಬಾ ಕಹಿಯಾಗಿತ್ತು ಅಂತಾಳೆ. ನೀನು ಯಾವ ಕಡೆ ಅಂತ ಪೇಪರಲ್ಲಿ ನೋಡ್ತಾನೇ ಇದ್ದೀನಿ, ಇನ್ನೂ ಏನೂ ಕಾಣಿಸಲಿಲ್ಲ ಅಂತಾಳೆ. ಕೊನೆಗೆ, ಒಳ್ಳೇ ಹುಡುಗನಾಗಿರು, ಮಿಸೆಸ್ ಕ್ಯಾಟ್‌ಗೆ ಸಹಾಯ ಮಾಡು ಅಂತ ತಮಾಷೆ ಬೆರೆಸಿ ಮುಗಿಸ್ತಾಳೆ.

ಇದನ್ನ ಇನ್ನೊಂದು ಸಲ ಯೋಚನೆ ಮಾಡಿ. ಮತದಾರರು ಶಾಸಕರಿಗೆ ಹೀಗೇ ಬರೀತಾರೆ ಅಲ್ವಾ? 'ನಿಮ್ಮ ನಿಲುವೇನು, ನಾವು ಕಾಯ್ತಿದ್ದೀವಿ' ಅಂತ. ಫೆಬ್‌ಗೆ ಶಾಸಕರ ಚುನಾವಣೆಯಲ್ಲಿ ಮತ ಇರಲಿಲ್ಲ. ತನ್ನ ಕ್ಷೇತ್ರದ ಶಾಸಕನನ್ನ ಆರಿಸೋ ಅಥವಾ ಸೋಲಿಸೋ ಹಕ್ಕಿರಲಿಲ್ಲ. ಆಕೆ ಹತ್ರ ಇದ್ದದ್ದು ಒಂದೇ ಅನುಕೂಲ, ಆ ಶಾಸಕ ಅವಳ ಮಗ. ಬೇರೆ ಲಕ್ಷಾಂತರ ಹೆಂಗಸರಿಗೆ ಅಷ್ಟೂ ಇರಲಿಲ್ಲ. ನಾನು ಪಿಟೀಲು ಹಾಕಿ ಸೆಂಟಿಮೆಂಟ್ ಮಾಡಿದ ಆ ಏಳು ಪುಟ ಇತ್ತಲ್ಲ, ಅದು ಒಬ್ಬ ಪ್ರಜೆಯ ಅರ್ಜಿ. 'ಆ ಯಮ್ಮ ಯಾಕೆ ಬರೆದಳು' ಅಂದ್ರೆ, ಆಕೆಗೆ ಬೇರೆ ದಾರಿ ಇರಲಿಲ್ಲ. ಅಮ್ಮಾ, ಇದು ನಿಮಗೆ ಉತ್ತರ.

ಈಗ ಆಗಸ್ಟ್ 18, ಕೆಳಮನೆ. ನನ್ನ ರೀಲ್ ಕತ್ತರಿಸಿದ ಭಾಗ ಇದು.

ಆವತ್ತು ಸದನದಲ್ಲಿ ವೋಟ್ ಹಾಕಿದವರು 96 ಜನ. ಹ್ಯಾರಿ ಕೋಟಿನ ಮೇಲೆ ಕೆಂಪು ಗುಲಾಬಿ, ಜೇಬಲ್ಲಿ ಅಮ್ಮನ ಪತ್ರ. ಸ್ಪೀಕರ್ ಸೇತ್ ವಾಕರ್ ವಿರೋಧಿ ಬಣದವನು. ಅವನ ಕಡೆಯ ಪ್ಲಾನ್ ಸರಳವಾಗಿತ್ತು. ತಿದ್ದುಪಡಿಯನ್ನ ನೇರವಾಗಿ ಸೋಲಿಸೋದು ಬೇಡ, ಸದ್ಯಕ್ಕೆ ಬದಿಗಿಡೋಣ. ಅಲ್ಲಿನ ಸದನದ ಭಾಷೆಯಲ್ಲಿ ಇದಕ್ಕೆ 'ಟೇಬಲ್ ಮಾಡೋದು' ಅಂತಾರೆ. ಯಾರೂ 'ಬೇಡ' ಅಂದಹಾಗಿರಲ್ಲ, ಕೆಲಸ ಮಾತ್ರ ಕೆಟ್ಟಿರುತ್ತೆ. ನವೆಂಬರ್ ಚುನಾವಣೆ ಕಳೆದುಹೋಗುತ್ತೆ.

ಬದಿಗಿಡೋಣವೇ ಅಂತ ವೋಟಿಗೆ ಹಾಕಿದ್ರು. ಹ್ಯಾರಿ 'ಹೌದು, ಬದಿಗಿಡೋಣ' ಅಂದ. ಬ್ಯಾಂಕ್ಸ್ ಟರ್ನರ್ ಅನ್ನೋ ಶಾಸಕ, ವಿರೋಧಿಗಳು ತಮ್ಮವನು ಅಂದುಕೊಂಡಿದ್ದವನು, ಬದಿಗಿಡೋದು ಬೇಡ ಅಂದ. ಲೆಕ್ಕ 48-48. ಸಮ ಬಂದ್ರೆ ಗೊತ್ತುವಳಿ ಬಿತ್ತು. ಮತ್ತೊಮ್ಮೆ ಎಣಿಸಿ ಅಂದ್ರು. ಮತ್ತೆ ಹೆಸರು ಕರೆದ್ರು. ಹ್ಯಾರಿ ಮತ್ತೆ 'ಬದಿಗಿಡೋಣ' ಅಂದ. ಮತ್ತೆ 48-48.

ಅಂದ್ರೆ ಪತ್ರ ಜೇಬಲ್ಲಿದ್ದೂ, ಒಂದಲ್ಲ ಎರಡು ಸಲ, ಅವನು ತಪ್ಪಿಸಿಕೊಳ್ಳೋಕೆ ನೋಡಿದ. ಯಾಕೆ ಅಂತ ಊಹಿಸೋದು ಕಷ್ಟ ಅಲ್ಲ. ಕ್ಷೇತ್ರದಲ್ಲಿ ವಿರೋಧ ಜೋರಾಗಿತ್ತು. ಗುರುಸ್ಥಾನದಲ್ಲಿದ್ದ ಕ್ಯಾಂಡ್ಲರ್ ಆ ಕಡೆ ಇದ್ದ. ನವೆಂಬರಲ್ಲಿ ಇವನದೂ ಮರುಚುನಾವಣೆ. 24 ವಯಸ್ಸು. ಆಮೇಲೆ ನೋಡೋಣ ಅನ್ನೋದು ಎಷ್ಟು ಹಿತವಾದ ಮಾತು ಅಂತ ನನಗೆ ಚೆನ್ನಾಗಿ ಗೊತ್ತು. ಆ ಕೇಳುಗರ ಮೆಸೇಜನ್ನ ನಾನೂ ಹಾಗೇ ಟೇಬಲ್ ಮಾಡಿಟ್ಟಿದ್ದೆ.

ಆಗ ವಾಕರ್ ಒಂದು ಲೆಕ್ಕ ಹಾಕಿದ. ಬದಿಗಿಡೋಕೆ 48-48 ಆಗಿದೆ. ಹಾಗಾದ್ರೆ ತಿದ್ದುಪಡಿಯನ್ನೇ ವೋಟಿಗೆ ಹಾಕಿದ್ರೂ 48-48 ಬರುತ್ತೆ. ಸಮ ಬಂದ್ರೆ ತಿದ್ದುಪಡಿ ಬಿದ್ದುಹೋಗುತ್ತೆ. ಸರಿ, ನೇರ ವೋಟು ಅಂದ.

ಈ ಲೆಕ್ಕದಲ್ಲಿ ಒಂದು ತೂತಿತ್ತು. 'ಬದಿಗಿಡೋಣ' ಅಂದವರೆಲ್ಲ 'ಬೇಡ' ಅನ್ನೋರೇ ಅಂದುಕೊಂಡಿದ್ದ. ಮುಂದೂಡುವವನಿಗೂ ವಿರೋಧಿಸುವವನಿಗೂ ವ್ಯತ್ಯಾಸ ಇರುತ್ತೆ. ಮುಂದೂಡೋ ಬಾಗಿಲು ಮುಚ್ಚಿದ ಕೂಡಲೇ ಆ ವ್ಯತ್ಯಾಸ ಹೊರಗೆ ಬರುತ್ತೆ. ಈಗ ಉಳಿದದ್ದು ಎರಡೇ ಪದ, ಹೌದು ಅಥವಾ ಇಲ್ಲ. ಹೆಸರು ಅಕ್ಷರಮಾಲೆ ಕ್ರಮದಲ್ಲಿ ಕರೀತಿದ್ರು. ಬರ್ನ್ ಅನ್ನೋ ಹೆಸರು ಬೇಗ ಬಂತು. ಕೆಂಪು ಗುಲಾಬಿಯ ಹುಡುಗ 'ಹೌದು' ಅಂದ. ಎಷ್ಟು ಬೇಗ ಅಂದ್ರೆ ಕೆಲವರಿಗೆ ಏನಾಯ್ತು ಅಂತ ತಕ್ಷಣ ತಿಳೀಲೇ ಇಲ್ಲ. ಕೊನೆಯಲ್ಲಿ ಬ್ಯಾಂಕ್ಸ್ ಟರ್ನರ್ ಕೂಡ 'ಹೌದು' ಅಂದ. 49-47.

ಇಲ್ಲಿ ಟರ್ನರ್ ಬಗ್ಗೆ ಒಂದು ಮಾತು. ಅವನು ಇಲ್ಲದಿದ್ರೆ ಹ್ಯಾರಿಯ ವೋಟಿಗೆ ಬೆಲೆಯೇ ಇರ್ತಿರಲಿಲ್ಲ. ಉಳಿದ 47 ಜನ ಇಲ್ಲದಿದ್ರೂ ಇರ್ತಿರಲಿಲ್ಲ. 'ಒಂದೇ ವೋಟು ಇತಿಹಾಸ ಬದಲಿಸಿತು' ಅಂತ ನಾನು ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಆ ಒಂದು ವೋಟು ಅಲ್ಲಿಗೆ ಬಂದು ನಿಲ್ಲೋಕೆ ಅಮೆರಿಕದ ಹೆಣ್ಣುಮಕ್ಕಳು ಎಪ್ಪತ್ತು ವರ್ಷಕ್ಕೂ ಮೇಲೆ ಹೋರಾಡಿದ್ರು. 1848ರಲ್ಲಿ ಸೆನೆಕಾ ಫಾಲ್ಸ್ ಅನ್ನೋ ಊರಲ್ಲಿ ಸಮಾವೇಶ ಸೇರಿ ಈ ಹಕ್ಕು ಕೇಳಿದವರಲ್ಲಿ ಬಹುಪಾಲು ಜನ 1920ರ ಹೊತ್ತಿಗೆ ಬದುಕಿರಲಿಲ್ಲ.

ಗೆದ್ದ ಮೇಲೂ ಕಥೆ ಮುಗೀಲಿಲ್ಲ. ವಾಕರ್ ಚಾಣಾಕ್ಷ. ಮರುಪರಿಶೀಲನೆ ಕೇಳೋ ಹಕ್ಕು ಗೆದ್ದ ಪಕ್ಷದವರಿಗೆ ಮಾತ್ರ ಇರುತ್ತೆ ಅಂತ, ತನ್ನ ವೋಟನ್ನೇ 'ಹೌದು'ಗೆ ಬದಲಿಸಿಕೊಂಡ. ಲೆಕ್ಕ 50-46 ಆಯ್ತು. ಆಮೇಲೆ ಸಮಯ ಎಳೆಯೋ ಆಟ ಶುರು. ಸದನದಲ್ಲಿ ಕೋರಂ ಇರಬಾರದು ಅಂತ ವಿರೋಧಿ ಶಾಸಕರ ಒಂದು ಗುಂಪು ರಾತ್ರೋರಾತ್ರಿ ರಾಜ್ಯದ ಗಡಿ ದಾಟಿ ಪಕ್ಕದ ಅಲಬಾಮಾದ ಡೆಕೇಟರ್ ಊರಿಗೆ ಹೋಗಿ ಕೂತಿತು. ರೆಸಾರ್ಟ್ ರಾಜಕೀಯ ನಮ್ಮ ಪೇಟೆಂಟ್ ಅಂದ್ಕೊಂಡಿದ್ರಾ? ಅವರು 1920ರಲ್ಲೇ ಮಾಡಿ ಮುಗಿಸಿದ್ರು.

ಈ ಕಡೆ ಹ್ಯಾರಿ ಮೇಲೆ ಲಂಚದ ಆರೋಪ ಬಂತು. ಮನಸ್ಸು ಬದಲಿಸಿದವನಿಗೆ ಬರೋ ಮೊದಲ ಪ್ರಶ್ನೆ ಯಾವತ್ತೂ ಅದೇ. ಎಷ್ಟು ತಗೊಂಡೆ? ಲೂಯಿಸಿಯಾನಾ ರಾಜ್ಯದ ಮಾಜಿ ಗವರ್ನರ್ ಒಬ್ಬರ ಪತ್ನಿ ನಯೋಟಾವರೆಗೂ ಹೋಗಿ, ಪತ್ರ ತನ್ನದಲ್ಲ ಅಂತ ಹೇಳಿಸೋಕೆ ಫೆಬ್ ಮೇಲೆ ಒತ್ತಡ ಹಾಕಿದ್ರು. ಫೆಬ್ ಬಗ್ಗಲಿಲ್ಲ. ಪತ್ರ ನನ್ನದೇ ಅಂತ ಟೆಲಿಗ್ರಾಂ ಕೊಟ್ಟಳು.

ಹ್ಯಾರಿ ಏನು ಮಾಡಿದ? ಅವನ ಬದುಕಲ್ಲಿ ನನಗೆ ತುಂಬಾ ಇಷ್ಟವಾದ ದಿನ ಇದು, ಆಗಸ್ಟ್ 19. ವೋಟ್ ಹಾಕಿದ ದಿನಕ್ಕಿಂತ ಇದೇ ಹೆಚ್ಚು ಇಷ್ಟ. ಅವನು ಅಡಗಿ ಕೂರಲಿಲ್ಲ. ಸದನದ ದಾಖಲೆಗೆ ಒಂದು ಹೇಳಿಕೆ ಕೊಟ್ಟ. ಲಂಚದ ಮಾತು ಸುಳ್ಳು, ಹೌದು, ನಾನು ವೋಟ್ ಬದಲಿಸಿದೆ, ಇಂತಿಂಥ ಕಾರಣಕ್ಕೆ ಅಂತ ಪಟ್ಟಿ ಮಾಡಿದ. ಐದು ಕಾರಣ.

ಒಂದು, ಮತದಾನ ಎಲ್ಲರ ಹಕ್ಕು ಅಂತ ನಂಬ್ತೀನಿ. ಎರಡು, ಇದನ್ನ ಅಂಗೀಕರಿಸೋಕೆ ನಮಗೆ ನೈತಿಕವಾಗಿಯೂ ಕಾನೂನಿನ ಪ್ರಕಾರವೂ ಅಧಿಕಾರ ಇದೆ. ಮೂರು, ಅಮ್ಮನ ಮಾತು ಕೇಳೋದು ಮಗನಿಗೆ ಯಾವತ್ತೂ ಕ್ಷೇಮ, ನಮ್ಮಮ್ಮ ಇದನ್ನ ಬಯಸಿದ್ದಳು. ನಾಲ್ಕು, 1.7 ಕೋಟಿ ಹೆಂಗಸರನ್ನ ರಾಜಕೀಯ ಗುಲಾಮಗಿರಿಯಿಂದ ಬಿಡಿಸೋ ಅವಕಾಶ ಮನುಷ್ಯನಿಗೆ ಪದೇಪದೇ ಬರಲ್ಲ. ಐದು, ಇದನ್ನ ಸಾಧ್ಯ ಮಾಡಿದ್ದು ಪೂರ್ವ ಟೆನೆಸ್ಸೀ ಬೆಟ್ಟಗಳ ಒಬ್ಬ ರಿಪಬ್ಲಿಕನ್ ಅನ್ನೋ ಹೆಸರು ಪಕ್ಷಕ್ಕೆ ಬರಲಿ.

ಗಮನಿಸಿ, ಅಮ್ಮ ಮೂರನೇ ಸ್ಥಾನದಲ್ಲಿದ್ದಾಳೆ. ನನ್ನ ರೀಲಲ್ಲಿ ಅದೊಂದೇ ಕಾರಣ ಇತ್ತು. ಐದನೆಯದಂತೂ ಪಕ್ಕಾ ರಾಜಕಾರಣಿಯ ಮಾತು. ಅದೇ ಸಾಲಲ್ಲಿ ಅವನು ತನ್ನ ಬೆಟ್ಟಸೀಮೆಯನ್ನ ಜಗತ್ತಿನಲ್ಲೇ ಅತಿ ಶುದ್ಧ ಆಂಗ್ಲೋ-ಸ್ಯಾಕ್ಸನ್ ಜನರ ನಾಡು ಅಂತಲೂ ಹೊಗಳಿಕೊಂಡಿದ್ದಾನೆ. ಇದನ್ನ ಬಿಟ್ಟು ಹೇಳಿದ್ರೆ ಮತ್ತೆ ಅದೇ ತಪ್ಪು ಮಾಡಿದ ಹಾಗೆ. ಹೆಣ್ಣಿನ ಹಕ್ಕಿನ ವಿಷಯದಲ್ಲಿ ಸರಿಯಾದ ಕಡೆ ನಿಂತವನ ಬಾಯಲ್ಲೇ ಬಣ್ಣದ ಹೆಮ್ಮೆಯೂ ಇತ್ತು. ಆ ಕಾಲದ ದಕ್ಷಿಣ ಅಮೆರಿಕನ್ ರಾಜ್ಯಗಳ ಗಾಳಿಯೇ ಹಾಗಿತ್ತು. 19ನೇ ತಿದ್ದುಪಡಿ ಬಂದ ಮೇಲೂ ಅಲ್ಲಿನ ಎಷ್ಟೋ ಕಪ್ಪು ಹೆಣ್ಣುಮಕ್ಕಳಿಗೆ ನಿಜವಾಗಿ ವೋಟ್ ಹಾಕೋಕೆ ಆಗಲಿಲ್ಲ. ವೋಟ್ ಹಾಕಬೇಕಂದ್ರೆ ತೆರಿಗೆ ಕಟ್ಟು, ಓದು ಬರಹದ ಪರೀಕ್ಷೆ ಪಾಸು ಮಾಡು ಅಂತ ನೂರೆಂಟು ಅಡ್ಡಿ, ಮೇಲೆ ಬೆದರಿಕೆ. ಅದಕ್ಕೊಂದು ಗಟ್ಟಿ ಕಾನೂನು ಬರೋಕೆ 1965ರ ಮತದಾನ ಹಕ್ಕುಗಳ ಕಾಯ್ದೆವರೆಗೆ ಕಾಯಬೇಕಾಯ್ತು.

ಆಗಸ್ಟ್ 24ರಂದು ಗವರ್ನರ್ ಸಹಿ ಹಾಕಿ ದಾಖಲೆಯನ್ನ ವಾಷಿಂಗ್ಟನ್ನಿಗೆ ಕಳಿಸಿದರು. ಆಗಸ್ಟ್ 26ರ ಬೆಳಿಗ್ಗೆ ವಿದೇಶಾಂಗ ಕಾರ್ಯದರ್ಶಿ ಬೇನ್‌ಬ್ರಿಜ್ ಕೋಲ್ಬಿ ತಮ್ಮ ಮನೆಯಲ್ಲೇ ಕೂತು ಘೋಷಣೆಗೆ ಸಹಿ ಹಾಕಿದರು. ಕ್ಯಾಮೆರಾ ಇಲ್ಲ, ಸಮಾರಂಭ ಇಲ್ಲ. 1922ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಿದ್ದುಪಡಿ ಸಿಂಧು ಅಂತ ಹೇಳಿ ಬಾಗಿಲು ಮುಚ್ಚಿತು.

ಹ್ಯಾರಿ ನವೆಂಬರಲ್ಲಿ ಮತ್ತೆ ಗೆದ್ದ. ಅವನ ಉಳಿದ ಬದುಕನ್ನ ಯಾರೂ ರೀಲ್ ಮಾಡಲ್ಲ, ಯಾಕಂದ್ರೆ ಅದು ನಿಮ್ಮ ನನ್ನ ಬದುಕಿನ ಥರ ಇದೆ. 1923ರಲ್ಲಿ ವಕೀಲಿಕೆಗೆ ಅನುಮತಿ ಸಿಕ್ಕಿತು, ಸಣ್ಣ ಊರುಗಳಲ್ಲಿ ಪ್ರಾಕ್ಟೀಸ್ ಮಾಡಿದ. 1930ರಲ್ಲಿ ಗವರ್ನರ್ ಆಗೋಕೆ ಪ್ರಯತ್ನಪಟ್ಟು ಸೋತ. ಆಮೇಲೆ ರಾಜ್ಯದ ಮೇಲ್ಮನೆ ಸದಸ್ಯನಾದ, ಒಂದು ಬ್ಯಾಂಕಿನ ಅಧ್ಯಕ್ಷನಾದ. ಟೆನೆಸ್ಸೀ ತನ್ನ ರಾಜ್ಯ ಸಂವಿಧಾನವನ್ನ ತಿದ್ದೋಕೆ 1953ರಲ್ಲಿ ಕರೆದ ಸಭೆಯಲ್ಲಿ ಅವನೂ ಪ್ರತಿನಿಧಿಯಾಗಿದ್ದ. ವೋಟಿಗೆ ತೆರಿಗೆ ಕಟ್ಟಬೇಕು ಅನ್ನೋ ಷರತ್ತು ಆ ರಾಜ್ಯದ ಸಂವಿಧಾನದಿಂದ ಹೊರಬಿದ್ದದ್ದು ಆ ಸಭೆಯ ಶಿಫಾರಸಿನಿಂದಲೇ. ಫೆಬ್ 1945ರಲ್ಲಿ ತೀರಿಕೊಂಡಳು. ಹ್ಯಾರಿ ಬದುಕಿದ್ದು 1977ರ ಫೆಬ್ರವರಿವರೆಗೆ, 81 ವರ್ಷ. 2018ರಲ್ಲಿ ಟೆನೆಸ್ಸೀಯ ನಾಕ್ಸ್‌ವಿಲ್ ನಗರದಲ್ಲಿ ತಾಯಿ ಮಗ ಇಬ್ಬರದೂ ಜೊತೆಗಿರೋ ಪ್ರತಿಮೆ ನಿಲ್ಲಿಸಿದ್ರು.

ಹಾಗಾದ್ರೆ ನಾನು ತಿದ್ದಿಕೊಳ್ಳಬೇಕಾದ್ದು ಎರಡು. ಹ್ಯಾರಿ ಪತ್ರ ಓದಿ ತಕ್ಷಣ ಕರಗಿದ ಹುಡುಗನಲ್ಲ. ಎರಡು ಸಲ ಜಾರಿಕೊಂಡ, ಮೂರನೇ ಸಲ ನಿಂತ, ಮಾರನೇ ದಿನ ಯಾಕೆ ಅಂತ ಬರೆದು ಕೊಟ್ಟ. ನಮ್ಮಲ್ಲಿ ಹೆಚ್ಚಿನವರಿಗೆ ಮೊದಲ ಸಲವೇ ನಿಲ್ಲೋ ಧೈರ್ಯ ಇರಲ್ಲ. ನನಗಂತೂ ಇರಲಿಲ್ಲ. ಹಾಗಿರೋರಿಗೆ ಈ ನಿಜವಾದ ಹ್ಯಾರಿಯಿಂದ ಹೆಚ್ಚು ಉಪಯೋಗ ಇದೆ. ಎರಡನೇದು ಫೆಬ್. ಆಕೆ ಯಾರದೋ ಕಥೆಯಲ್ಲಿ ಬಂದುಹೋಗೋ ಅಮ್ಮ ಅಲ್ಲ. ತನ್ನದೇ ಹಕ್ಕು ಕೇಳ್ತಿದ್ದ ಹೆಂಗಸು.

ಆ ಹಳೇ ರೀಲನ್ನ ಡಿಲೀಟ್ ಮಾಡಬೇಕಾ ಅಂತ ಯೋಚಿಸಿದೆ. ಮಾಡಲಿಲ್ಲ. ಡಿಲೀಟ್ ಮಾಡಿದ್ರೆ ತಪ್ಪೇ ಆಗಿಲ್ಲ ಅನ್ನೋ ಹಾಗಾಗುತ್ತೆ. ಅದರ ಕೆಳಗೆ ಈ ಎಪಿಸೋಡಿನ ಲಿಂಕ್ ಪಿನ್ ಮಾಡಿದ್ದೀನಿ. ಮೆಸೇಜ್ ಮಾಡಿದ ಕೇಳುಗರಿಗೆ ಥ್ಯಾಂಕ್ಸ್, ತಡವಾಗಿದ್ದಕ್ಕೆ ಸಾರಿ.

ನೀವೂ ಏನಾದ್ರೂ ಟೇಬಲ್ ಮಾಡಿಟ್ಟಿದ್ರೆ, ಕೊಡಬೇಕಾದ ಉತ್ತರ, ಕೇಳಬೇಕಾದ ಕ್ಷಮೆ, ಬದಲಿಸಿಕೊಂಡರೂ ಬಾಯಿಬಿಟ್ಟು ಹೇಳದ ಅಭಿಪ್ರಾಯ, ಈ ವಾರ ಒಂದನ್ನ ಎತ್ತಿಕೊಳ್ಳಿ.